ಸೈಕಲ್ ಟ್ಯೂಬಿನ ವಾಷರ್

ಯಲ್ಲಾಪುರ,
ಗುರುವಾರ, ೧೬ ಜನವರಿ ೨೦೦೩

ಪ್ರೀತಿಯ ಉಲ್ಲಾಸಣ್ಣನಿಗೆ,

ಹೇಗಿದ್ದೀಯ? ಹುಬ್ಬಳ್ಳಿಯ ಧೂಳಿಗೆ ಕೆಮ್ಮು ಜಾಸ್ತಿಯಾಗಿಲ್ಲ ತಾನೆ? ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಹುಡುಗರಿಗೆ ಪಾಠ ಹೇಳುವವನು, ಗಂಟಲು ಜೋಪಾನ. ನಾವು ಹೀಗೇ ಇದ್ದೇವೆ. ಅಪ್ಪ ಮಾತ್ರ ಸಂಕ್ರಾಂತಿಗೂ ಗ್ಯಾರೇಜಿನ ಬಾಗಿಲು ತೆಗೆಯಲಿಲ್ಲ.

ಯಾಕೆಂದು ನಿನಗೆ ಗೊತ್ತು. ಕಾನಸೂರಿನ ಪರಮೇಶ್ವರಪ್ಪನವರು ಹೊಸ ಕಾರಿನಲ್ಲಿ ಅಂಕೋಲೆಗೆ ಹೊರಟವರು, ರೂಢಿಯಂತೆ ಅಪ್ಪನ ಹತ್ತಿರ ನಿಲ್ಲಿಸಿ, “ಬರೋವಾಗ ಘಟ್ಟ ಹತ್ಬೇಕು ಮಾರಾಯ, ಟೈಮಿಂಗ್ ಸ್ವಲ್ಪ ನೋಡ್ಕೊಡು” ಅಂದರಂತೆ. ಎಷ್ಟು ಹಳೇ ಕಾರುಗಳ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, ಕಿಡಿ ಹಾರುವ ಗಳಿಗೆ ಸರಿಮಾಡಿ ಘಟ್ಟ ಹತ್ತಿಸಿದ ಕೈ ಅದು! ಇದರಲ್ಲಿ ತಿರುಗಿಸಲು ಏನೂ ಸಿಗಲಿಲ್ಲ. ಟೈಮಿಂಗ್ ತಿದ್ದುವ ಜಾಗ ಕ್ರ್ಯಾಂಕಿನ ಬಳಿಯ ಸೆನ್ಸರೇ ಇರಬೇಕೆಂದುಕೊಂಡು, ಸೈಕಲ್ ಟ್ಯೂಬು ಕತ್ತರಿಸಿ ಅದರಡಿ ವಾಷರ್ ಕೂರಿಸಿದ. ವಾಪಸ್ ಬರುವಾಗ ಅರಬೈಲು ಘಟ್ಟದ ತಿರುವಿನಲ್ಲಿ, ಹಿಂದೆ ಲಾರಿ ಇರುವಾಗ, ಇಂಜಿನ್ ಬಂದಾಯಿತು. ಲಾರಿಯವನು ಬ್ರೇಕ್ ಹಾಕಿದ್ದಕ್ಕೆ ಜೀವ ಉಳಿಯಿತು. ಕಾರನ್ನು ಎಳೆದು ತಂದದ್ದು ನಿನ್ನ ಸರ್ವಿಸ್ ಸೆಂಟರಿಗೇ.

ಸೆನ್ಸರ್ ಕ್ರ್ಯಾಂಕಿನ ಜೊತೆ ತಿರುಗುವ ಚಕ್ರದ ಹಲ್ಲುಗಳನ್ನು ನೋಡುತ್ತಿರುತ್ತದೆ. ಹಲ್ಲಿಲ್ಲದ ಜಾಗ ಬಂದಾಗ ಪಿಸ್ಟನ್ ಎಲ್ಲಿದೆಯೆಂದು ಕಂಪ್ಯೂಟರಿಗೆ ತಿಳಿಯುತ್ತದೆ. ಇಂಜೆಕ್ಟರ್ ಯಾವ ಗಳಿಗೆಗೆ ತೆರೆದು ಎಷ್ಟು ಪೆಟ್ರೋಲ್ ಚಿಮ್ಮಬೇಕೆಂದು ಅದು ಲೆಕ್ಕ ಹಾಕುತ್ತದೆ. ಸೆನ್ಸರ್ ದೂರವಾಗಿ, ಇಂಜಿನ್ನೂ ಕಾದರೆ, ಹಲ್ಲು ಕಾಣುವುದಿಲ್ಲ, ಪೆಟ್ರೋಲೂ ಇಲ್ಲ. ಪರಮೇಶ್ವರಪ್ಪನವರು ನನಗೆ ಹೇಳಿದ್ದು. ಅವರಿಗೆ ನೀನು ಎಷ್ಟು ಚೆಂದ ವಿವರಿಸಿದೆಯಂತೆ! ಗಿರಾಕಿಗೆ ಹೇಳಲು ಬಾಯಿ ಬಂತು. “ಕಲ್ತು ಬಂದು ನಿಂಗೂ ಕಲಿಸ್ತೆ ಅಪ್ಪಾ” ಎಂದು ಬಸ್ಸು ಹತ್ತಿದವನಿಗೆ ಅಪ್ಪನಿಗೆ ಹೇಳಲು ಇಷ್ಟು ವರ್ಷವಾದರೂ ಪುರುಸೊತ್ತಾಗಲಿಲ್ಲ.

ಅದೂ ಹೋಗಲಿ. ಆ ವಾಷರನ್ನು ಪಾಠದ ಕೋಣೆಯ ಗೋಡೆಗೆ ತೂಗುಹಾಕಿ, ‘ಹಳ್ಳಿ ಮೇಸ್ತ್ರಿಯ ಕೈಚಳಕ’ ಎಂದು ಚೀಟಿ ಅಂಟಿಸಿದ್ದೀಯಂತೆ. ಹುಡುಗರು ನೋಡಿ ನೋಡಿ ನಗುತ್ತಾರಂತೆ. “ನಮ್ಮಪ್ಪ ಅಂತ ಇಲ್ಲಿ ಹೇಳ್ಬೇಡಿ” ಎಂದು ಪರಮೇಶ್ವರಪ್ಪನವರ ಕಿವಿಯಲ್ಲಿ ಪಿಸುಗುಟ್ಟಿದೆಯಂತೆ. ನಿನ್ನ ಮೊದಲ ಸೈಕಲ್ಲಿಗೆ ಅಂಥದೇ ವಾಷರ್ ಕತ್ತರಿಸಿ ಹಾಕಿಕೊಟ್ಟವನು ಯಾರು, ಮರೆತೆಯಾ?

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಇನ್ನೂ ದೊಡ್ಡವನನ್ನಾಗಿ ಮಾಡಲಿ.

ನಿನ್ನ ತಂಗಿ,
ಪ್ರತಿಭಾ

ವಿ.ಸೂ.: ಅಂಚೆಗೆ ಹಾಕಿದರೆ ತಡವಾದೀತೆಂದು ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ. ಗೋಡೆಯ ಸಂಗತಿ ಅಪ್ಪನಿಗೆ ಹೇಳಿಲ್ಲ. ಸೋಮವಾರ ಅಪ್ಪ ಅಲ್ಲಿಗೇ ಬರುತ್ತಿದ್ದಾನೆ, ನಿನ್ನ ಹತ್ತಿರ ಕಲಿಯಲಿಕ್ಕೆ. ನಿನ್ನ ಹುಡುಗರ ಮುಂದೆ ನಿನಗೆ ನಾಚಿಕೆಯಾಗಬಾರದೆಂದು ನಿನ್ನೆಯಿಂದ ಸೀಗೆಪುಡಿ ಹಾಕಿ ಉಗುರಿನ ಗ್ರೀಸು ತಿಕ್ಕುತ್ತಿದ್ದಾನೆ. ಅಷ್ಟರೊಳಗೆ ಅದನ್ನು ಗೋಡೆಯಿಂದ ತೆಗೆ.