ಬಟ್ಟೆ ಸುತ್ತಿದ ಚಮಚ

ಮನೆಯಿಂದ,
ಗುರುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಮಗಳಿಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ತರಬೇತಿಯವರು ಕೊಟ್ಟ ಹಾಸಿಗೆ ತೆಳ್ಳಗಿದೆ ಎಂದು ಬರೆದಿದ್ದೆ. ಇನ್ನೆರಡು ಕಂಬಳಿ ಕೇಳಿ ಮಡಿಸಿ ಹಾಕಿಕೋ, ಕೇಳುವುದಕ್ಕೇನು ನಾಚಿಕೆ. ನನ್ನ ಮಂಡಿ ಎಂದಿನಂತೆ ಗೊಣಗುತ್ತಿದೆ. ಅಳಿಯಂದಿರು ಪಾಳಿ ಮುಗಿಸಿ ಬಂದು ಮಲಗಿದ್ದಾರೆ. ಗುಬ್ಬಿ ಈಗ ಚೆನ್ನಾಗಿದ್ದಾಳೆ. 'ಈಗ' ಎಂದದ್ದಕ್ಕೆ ಗಾಬರಿಯಾಗಬೇಡ, ಪೂರ್ತಿ ಓದು. ಕಳೆದ ಶುಕ್ರವಾರ ನಿನ್ನ ಮಗಳಿಗೆ ಮೂರ್ಛೆ ಬಂತು, ಅದೂ ಮಾತ್ರೆ ತರಲು ಹೋದಾಗ, ಆರೋಗ್ಯ ಕೇಂದ್ರದಲ್ಲೇ. ಬಂದರೆ ಆಸ್ಪತ್ರೆಯಲ್ಲೇ ಬರಲಿ ಎನ್ನುತ್ತಿದ್ದೆಯಲ್ಲ, ಹಾಗೇ ಆಯಿತು. ಅಲ್ಲಿ ನಡೆದದ್ದನ್ನು ಓದಿದರೆ ಆ ಮಾತನ್ನು ನೀನೇ ವಾಪಸು ತೆಗೆದುಕೊಳ್ಳುತ್ತೀಯ.

ಅಲ್ಲಿಗೆ ಹೊಸದಾಗಿ ಒಬ್ಬಳು ನರ್ಸ್ ಬಂದಿದ್ದಾಳೆ. ಉದ್ದಕ್ಕೆ, ಸಣ್ಣಗೆ, ಮಾತು ಕಡಿಮೆ. ಮಾತು ಕಡಿಮೆ ಇರುವ ನರ್ಸ್ ಎಂದರೆ ನನಗೆ ಮೊದಲಿಂದಲೂ ಅನುಮಾನ. ಒಂದೋ ಏನೂ ಗೊತ್ತಿರುವುದಿಲ್ಲ, ಇಲ್ಲವೇ ಏನನ್ನೋ ಮುಚ್ಚಿಡುತ್ತಿರುತ್ತಾರೆ. ಗುಬ್ಬಿ ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದಳು, ಕೈಕಾಲು ಸೆಟೆದವು. ಓಡಿ ಬಂದ ಈ ಮಹಾರಾಯ್ತಿ ಮಾಡಿದ್ದೇನು ಗೊತ್ತೇ? ಕುರ್ಚಿಗಳನ್ನು ಆಚೆ ತಳ್ಳಿದಳು, ಮಗುವಿನ ಕನ್ನಡಕ ತೆಗೆದಳು, ತನ್ನ ಸ್ವೆಟರನ್ನು ಮಡಿಸಿ ತಲೆಯ ಕೆಳಗಿಟ್ಟು ಮಗುವನ್ನು ಮಗ್ಗುಲಿಗೆ ಹೊರಳಿಸಿದಳು. ಆಮೇಲೆ ಪಕ್ಕದಲ್ಲೇ ಕೂತು, ಬಸ್ಸಿಗೆ ಕಾಯುವವರ ಹಾಗೆ, ಕೈಗಡಿಯಾರ ನೋಡತೊಡಗಿದಳು. ನಾನು ಚೀಲದಿಂದ ಚಮಚ ತೆಗೆದು ಹಲ್ಲಿನ ನಡುವೆ ಸೇರಿಸಲು ಬಗ್ಗಿದರೆ ನನ್ನ ಮಣಿಕಟ್ಟನ್ನೇ ಹಿಡಿದುಬಿಟ್ಟಳು. "ಬಾಯಿಗೆ ಏನೂ ಹಾಕ್ಬೇಡಿ ಅಮ್ಮ" ಅಂತೆ. ನನಗೆ ಹೇಳಿಕೊಡುತ್ತಾಳೆ.

ಮೂವತ್ತೊಂದು ವರ್ಷ ವಾರ್ಡಿನಲ್ಲಿ ಸವೆದವಳು ನಾನು, ಅದರಲ್ಲಿ ಹದಿನಾರು ವರ್ಷ ಹೆಡ್ ನರ್ಸ್. ಮೂರ್ಛೆ ರೋಗಿಯ ಮಂಚದ ಕಂಬಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿದ ಚಮಚ ದಾರದಲ್ಲಿ ನೇತಾಡುತ್ತಿರಬೇಕು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಬೆಳಗಿನ ಸುತ್ತಿನಲ್ಲಿ ನಾನು ಮೊದಲು ಮುಟ್ಟಿ ನೋಡುತ್ತಿದ್ದುದೇ ಅದನ್ನು. ಬಟ್ಟೆ ಸಡಿಲವಾಗಿದ್ದರೆ ಆ ಹುಡುಗಿಗೆ ವಾರವಿಡೀ ಬೆಡ್‌ಪ್ಯಾನ್ ತೊಳೆಯುವ ಕೆಲಸ. ರೋಗಿ ನಾಲಿಗೆ ಕಚ್ಚಿಕೊಳ್ಳಬಾರದು, ನುಂಗಿಕೊಳ್ಳಬಾರದು, ಅಷ್ಟೇ ಅಲ್ಲವೇ? ಗುಬ್ಬಿಗೆ ಮನೆಯಲ್ಲಿ ಐದು ಸಲ ಬಂದಾಗಲೂ ನಿವೃತ್ತಿಯ ದಿನ ನಾನು ತಂದುಕೊಂಡ ಆ ಚಮಚವೇ ಕಾಪಾಡಿದ್ದು. ಶುಕ್ರವಾರ ಅದಿಲ್ಲದೆ ಮೂರ್ಛೆ ತಾನಾಗಿಯೇ ನಿಂತಿತು, ನಿಜ. ಆ ಉದ್ದದವಳ ಅದೃಷ್ಟ ಚೆನ್ನಾಗಿತ್ತು ಎಂದುಕೊಂಡೆ.

ಆದರೂ ಮನಸ್ಸು ತಡೆಯಲಿಲ್ಲ. ಸೋಮವಾರದಿಂದ ಮೂರು ದಿನ ಮಂಡಿನೋವಿನ ನೆಪ ಹೇಳಿ (ನೋವೇನೋ ನಿಜವೇ) ಅಲ್ಲಿನ ಬೆಂಚಿನ ಮೇಲೆ ಕೂತು ಬಂದೆ. ಏನೂ ಅರಿಯದ ಮುದುಕಿಯ ಹಾಗೆ ಒಬ್ಬೊಬ್ಬರನ್ನೇ ಕೇಳಿದೆ, ಫಿಟ್ಸ್ ಬಂದರೆ ಏನು ಮಾಡಬೇಕು ಅಂತ. ಔಷಧಿ ಕೊಡುವವನು "ಕೈಗೆ ಬೀಗದ ಕೈ ಕೊಡಿ, ಕಬ್ಬಿಣ ಸಿಕ್ರೆ ಸಾಕು" ಎಂದ. ರಕ್ತ ತೆಗೆಯುವವಳು ಮುಖಕ್ಕೆ ನೀರು ಎರಚಿ, ಸ್ವಲ್ಪ ಕುಡಿಸಿ ಎಂದಳು. ನನ್ನ ವಯಸ್ಸಿಗೆ ಹತ್ತಿರದ ಇನ್ನೊಬ್ಬ ನರ್ಸ್ ಚಮಚ ಎಂದಳು. ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಡಾಕ್ಟರಂತೂ ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತದೆ "ಅಲ್ಲಾಡದ ಹಾಗೆ ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದರು. ಒಂದೇ ಸೂರಿನ ಕೆಳಗೆ ನಾಲ್ಕು ಜನ, ನಾಲ್ಕು ಉತ್ತರ. ಇಂಥವರ ಕೈಗೆ ನಮ್ಮ ಮಗುವನ್ನು ಕೊಡುತ್ತಿದ್ದೇವಲ್ಲ!

ಉದ್ದದವಳನ್ನು ಮಾತ್ರ ಮೂರು ದಿನವೂ ತಿರುವಿ ತಿರುವಿ ಕೇಳಿದೆ. ಮೂರು ದಿನವೂ ಅದೇ ಉತ್ತರ: ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಹಿಡಿದು ಅದುಮಬೇಡಿ, ಬಾಯಿಗೆ ಏನೂ ಬೇಡ, ಹೊತ್ತು ನೋಡಿ, ಐದು ನಿಮಿಷ ದಾಟಿದರೆ ಆಂಬ್ಯುಲೆನ್ಸ್ ಕರೆಯಿರಿ. "ನಾಲಿಗೆ ನುಂಗೋಕೆ ಯಾರ್ ಕೈಲೂ ಆಗಲ್ಲ ಅಮ್ಮ, ಅದು ಬುಡದಲ್ಲಿ ಅಂಟ್ಕೊಂಡಿರುತ್ತೆ" ಎಂದೂ ಸೇರಿಸಿದಳು. ಇಷ್ಟು ತಪ್ಪಿಲ್ಲದೆ ಒಪ್ಪಿಸಬೇಕಾದರೆ ಬಾಯಿಪಾಠ ಮಾಡಿರಲೇಬೇಕು. ಕೆಲಸ ಮಾಡಿ ಕಲಿತವರು ಎಲ್ಲೋ ಒಂದು ಕಡೆಯಾದರೂ ತಡವರಿಸುತ್ತಾರೆ. ಅಚ್ಚು ಹಾಕಿಸಿದ ಹಾಳೆಯನ್ನೂ ತೋರಿಸಿದಳು. ಅಚ್ಚು ಯಾರು ಬೇಕಾದರೂ ಹಾಕಿಸಬಹುದು. ನಿನ್ನೆ ಆ ಚಮಚವನ್ನೊಮ್ಮೆ ಕೊಡಿ ಎಂದು ಕೇಳಿ, ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. ಬಟ್ಟೆಯ ಮೇಲೊಂದು ಕಂದು ಕಲೆಯಿದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಅದರ ಮೇಲೆ ಹೆಬ್ಬೆರಳು ಆಡಿಸಿ ವಾಪಸು ಕೊಟ್ಟಳು. ಏನು ಲೆಕ್ಕ ಹಾಕುತ್ತಿದ್ದಳೋ.

ಇದರ ಜೊತೆ ಆ ಉದ್ದದವಳ ಮೇಲೆ ಒಂದು ದೂರು ಬರೆದಿಟ್ಟಿದ್ದೇನೆ. ತಾಯಿಯಾದ ನಿನ್ನ ಸಹಿ ಬೇಕು, ಹಾಕಿ ತಕ್ಷಣ ಕಳಿಸು. ಅವಳ ಕೆಲಸ ಇನ್ನೂ ಖಾಯಂ ಆಗಿಲ್ಲವಂತೆ, ದೂರು ಹೋದರೆ ಮನೆಗೆ ಕಳಿಸುತ್ತಾರಂತೆ, ಔಷಧಿಯವನು ಹೇಳಿದ. ಹೊಟ್ಟೆಪಾಡಿನವಳು, ಪಾಪ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ನೀನು ನನ್ನನ್ನು ನಂಬಿ ಬಿಟ್ಟುಹೋದ ಮಗು ಇದು. ಏನಾದರೂ ಹೆಚ್ಚುಕಡಿಮೆಯಾದರೆ ನಿನಗೆ ಹೇಗೆ ಮುಖ ತೋರಿಸಲಿ? ನನಗೆ ಭಯ ಕಣೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಎಲ್ಲವೂ ಒಳ್ಳೆಯದಾಗಲಿ. ಗುಬ್ಬಿ ನಿನಗೆ ಎರಡು ಮುತ್ತು ಕಳಿಸಿದ್ದಾಳೆ, ಒಂದು ಬೆನ್ನಿಗಂತೆ.

ನಿನ್ನ
ಅಮ್ಮ

ತಡಿ, ಇನ್ನೂ ಇದೆ. ಲಕೋಟೆಗೆ ಗೋಂದು ಹಚ್ಚುತ್ತಿದ್ದಾಗ ಗುಬ್ಬಿಗೆ ಮತ್ತೆ ಬಂತು, ಅಡುಗೆಮನೆಯ ಬಾಗಿಲಲ್ಲಿ. ಚಮಚ ಅಳಿಯಂದಿರು ಮಲಗಿದ್ದ ಕೋಣೆಯಲ್ಲಿತ್ತು, ಒಳಗಿನಿಂದ ಚಿಲಕ, ಕೂಗಿದರೂ ಅವರಿಗೆ ಎಚ್ಚರವಾಗಲಿಲ್ಲ. ಬೇರೆ ದಾರಿ ಕಾಣದೆ ಆ ಉದ್ದದವಳು ಮಾಡಿದಂತೆಯೇ ಮಾಡಿ ಗೋಡೆ ಗಡಿಯಾರ ನೋಡುತ್ತ ಕೂತೆ. ಎರಡು ನಿಮಿಷ ಹತ್ತು ಸೆಕೆಂಡು. ನಾಲಿಗೆ ಇದ್ದಲ್ಲೇ ಇತ್ತು. ನಾಳೆ ಬೆಳಿಗ್ಗೆ ಅವಳ ಹತ್ತಿರವೇ ಕರೆದುಕೊಂಡು ಹೋಗುತ್ತೇನೆ. ದೂರನ್ನು ತೆಗೆದು ಹರಿದು ಹಾಕಿದ್ದೇನೆ, ಲಕೋಟೆಯಲ್ಲಿ ಹುಡುಕಬೇಡ. ಎಚ್ಚರವಾದ ಮೇಲೆ ಗುಬ್ಬಿ ದವಡೆ ಮುಟ್ಟಿ ಮುಟ್ಟಿ ನೋಡಿಕೊಂಡು ನಗುನಗುತ್ತ ಕೇಳಿದಳು: "ಆಸ್ಪತ್ರೇಲೂ ಬಾಯಿ ನೋಯ್ಲಿಲ್ಲ, ಇವತ್ತೂ ನೋಯ್ತಿಲ್ಲ. ನನ್ನ ಕಾಯಿಲೆ ವಾಸಿ ಆಗ್ತಿದೆಯಾ ಅಜ್ಜಿ?" ಅವಳಿಗೆ ಏನು ಹೇಳಲಿ, ನೀನೇ ಬರಿ.