ಅಂಟಿಕೊಂಡೇ ಇದ್ದ ಹಾಳೆಗಳು

ಮನೆಯಿಂದ,
೪ ಅಕ್ಟೋಬರ್ ೨೦೧೯

ಪ್ರೀತಿಯ ಮಗಳೇ,

ನಿನ್ನ ಅಮ್ಮ ತೀರಿಕೊಂಡು ವರ್ಷ ತುಂಬಿದ ದಿನ, ಎಂದರೆ ಕಳೆದ ಆಗಸ್ಟ್ ಇಪ್ಪತ್ತೊಂದರಂದು, ನಾನು ನಿನಗೆ ಬರೆದ ಪತ್ರದಲ್ಲಿ ತಪ್ಪುಗಳಿದ್ದವು. ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ಕುಳಿತು ಪರರ ಕರಡು ತಿದ್ದಿದವನ ಪತ್ರದಲ್ಲಿ ತಪ್ಪು ಉಳಿಯಬಾರದಿತ್ತು, ಉಳಿಯಿತು. ಕ್ಷಮೆ ಕೇಳುತ್ತಿದ್ದೇನೆ. ನಿನ್ನ ಆರೋಗ್ಯ ಹೇಗಿದೆ? ಆಸ್ಪತ್ರೆಯಲ್ಲಿ ದಿನವಿಡೀ ನಿಂತು ನಿನಗೆ ಬಂದ ಹಿಮ್ಮಡಿಯ ನೋವು ಕಡಿಮೆಯಾಯಿತೇ? ಇದು ನನಗೆ ಹೇಗೆ ತಿಳಿಯಿತೆಂದು ಹುಬ್ಬೇರಿಸಬೇಡ, ಮುಂದೆ ಹೇಳುತ್ತೇನೆ. ನನ್ನ ಬಲಗಣ್ಣಿನ ಶಸ್ತ್ರಚಿಕಿತ್ಸೆ ಮುಗಿದಿದೆ. ಎಡಗಣ್ಣು ತನ್ನ ಸರದಿಗಾಗಿ ಕಾಯುತ್ತಿದೆ. ಅಕ್ಷರ ಓರೆಯಾಗಿದ್ದರೆ ಅದು ಕಣ್ಣಿನ ದೋಷ, ಕೈಯದಲ್ಲ.

ಆ ಪತ್ರದಲ್ಲಿ ನಾನು ಹೊರಿಸಿದ ಆಪಾದನೆ ಇಷ್ಟು: ದಿನಕ್ಕೊಂದು ಅಧ್ಯಾಯ ಸತ್ಯವೇದ ಓದುವ ಈ ಮನೆಯ ಕ್ರಮವನ್ನು ಮುರಿದವಳು ನೀನು, ಆ ಕೊರಗಿನಲ್ಲಿಯೇ ನಿನ್ನ ಅಮ್ಮನೂ ಓದು ಬಿಟ್ಟಳು, ಒಂದು ದಿನವೂ ತಪ್ಪಿಸದೆ ನಡೆಸಿಕೊಂಡು ಬಂದವನು ನಾನೊಬ್ಬನೇ. ಕ್ರಮ ನಿನಗೆ ನೆನಪಿರಬೇಕು. ಓದಿದ ಅಧ್ಯಾಯದ ಪಕ್ಕದ ಅಂಚಿನಲ್ಲಿ ಸೀಸದಕಡ್ಡಿಯಿಂದ ಆ ದಿನದ ತಾರೀಖು ಬರೆಯುವುದು. ಆರು ವರ್ಷದ ನೀನು ಬರೆದ ತಾರೀಖುಗಳು ಅಂಚು ದಾಟಿ ಪ್ರವಾದಿಗಳ ಮೇಲೆಲ್ಲ ಹತ್ತಿ ಕುಳಿತಿದ್ದವು. ನಾನು ಗದರಿಸಿದ್ದೆ.

ನಮ್ಮ ಚರ್ಚಿನ ಸಭೆಯ ಹಿರಿಯರು ನನ್ನನ್ನು ಭಾನುವಾರದ ಸತ್ಯವೇದ ತರಗತಿಗೆ ಬೋಧಕನನ್ನಾಗಿ ಮಾಡಿದ್ದು ೨೦೦೧ರ ನವೆಂಬರಿನಲ್ಲಿ. ಅಂದು ಬಂಗಾರದ ಅಂಚಿನ ದೊಡ್ಡ ಪ್ರತಿಯೊಂದನ್ನು ಕಾಣಿಕೆಯಾಗಿ ಕೊಟ್ಟರು. ಅದರ ಕೊನೆಯಲ್ಲಿ ಅಧ್ಯಾಯಗಳ ಪಟ್ಟಿಯೊಂದಿತ್ತು. ಪ್ರತಿಯೊಂದರ ಮುಂದೆ ತಾರೀಖಿಗೆಂದು ಚೌಕ. ಅಂಚು ಕೊಳಕಾಗುವುದಿಲ್ಲ ಎಂದು ನಾನು ತಾರೀಖುಗಳನ್ನು ಆ ಪಟ್ಟಿಗೆ ವರ್ಗಾಯಿಸಿದೆ. ಇಲ್ಲಿಂದಾಚೆಗೆ ನಡೆದದ್ದನ್ನು ನಾನು ಯಾರಿಗೂ ಹೇಳಿಲ್ಲ. ಬೋಧಿಸಲು ನನ್ನ ಹಳೆಯ ಟಿಪ್ಪಣಿಗಳೇ ಸಾಕಾದವು. ಬೋಧಿಸುವವನು ಓದಲೇಬೇಕೆಂದು ಯಾರೂ ಕೇಳಲಿಲ್ಲ. ತಿಂಗಳ ಕೊನೆಯ ದಿನ ಕಡ್ಡಿ ಚೂಪುಮಾಡಿಕೊಂಡು ಕುಳಿತು ಮೂವತ್ತು ಚೌಕಗಳನ್ನು ಒಮ್ಮೆಲೇ ತುಂಬಿಬಿಡುತ್ತಿದ್ದೆ. ಬರಹ ಬಹಳ ಅಚ್ಚುಕಟ್ಟಾಗಿದೆ.

೨೦೦೮ರ ಮಾರ್ಚ್ ಒಂಬತ್ತರ ತರಗತಿ ನಿನಗೂ ಮರೆತಿರಲಾರದು. ಮನೆ ಬಿಟ್ಟುಹೋಗಿ ಹಿಂದಿರುಗಿದ ಮಗನ ಸಾಮ್ಯದ ಕಥೆಯನ್ನು ವಿವರಿಸುತ್ತ, ಮಗ ಕಾಲು ಹಿಡಿದು ಕ್ಷಮೆ ಕೇಳಿದ ಮೇಲೆಯೇ ತಂದೆ ಅವನನ್ನು ಒಳಗೆ ಬಿಟ್ಟುಕೊಂಡನೆಂದು ನಾನು ಹೇಳಿದೆ. ಮೂರನೆಯ ಸಾಲಿನಿಂದ ನೀನು ಎದ್ದು ನಿಂತೆ. “ಅಪ್ಪಾ, ಅಲ್ಲಿ ಹಾಗಿಲ್ಲ. ಮಗ ಬಾಯಿ ಬಿಡೋಕ್ಕೆ ಮುಂಚೆನೇ ಅಪ್ಪ ಓಡಿ ಬರ್ತಾನೆ. ಓದ್ಲಾ?” ಎಂದೆ. ನಲವತ್ತು ಜನ ಪುಟ ತಿರುವಿದ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಹಿಂದಿನ ಸಾಲಿನಲ್ಲಿ ಯಾರೋ “ಹುಡುಗಿ ಹೇಳಿದ್ದೇ ಸರಿ ಕಣ್ರೀ” ಎಂದರು. “ನಿನ್ನ ಓದು ಸಾಕು, ಪುಸ್ತಕ ಮುಚ್ಚು” ಎಂದೆ ನಾನು. ಮನೆಗೆ ಬಂದು ನಿನ್ನ ಸತ್ಯವೇದವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ನಾಲ್ಕನೆಯ ದಿನ ನೀನು ದಾದಿಯರ ವಸತಿಗೃಹಕ್ಕೆ ಹೊರಟೆ. ಮತ್ತೆ ಬಂದದ್ದು ಅಮ್ಮನ ಸಮಾಧಿಗೆ ಮಣ್ಣು ಹಾಕಲು. ಅಂದೂ ನಾನು ನಿನ್ನನ್ನು ಮಾತನಾಡಿಸಲಿಲ್ಲ.

ಈಗ ಹೊಸ ಸಂಗತಿ. ಕಳೆದ ತಿಂಗಳು, ನನ್ನ ಮತ್ತು ನಿನ್ನ ಅಮ್ಮನ ಸತ್ಯವೇದಗಳಿಗೆ ಒಂದೇ ಬಗೆಯ ರಟ್ಟು ಹಾಕಿಸಿ, ಅವಳ ನೆನಪಿಗಾಗಿ ಸಭೆಗೆ ಒಪ್ಪಿಸೋಣವೆಂದು ಪುಸ್ತಕ ಕಟ್ಟುವವನ ಬಳಿಗೆ ಹೋದೆ. ಒಳ್ಳೆಯ ಕೆಲಸಗಾರ, ನಾಲಗೆಗೆ ಮಾತ್ರ ಹೊಲಿಗೆಯಿಲ್ಲ. ಎರಡನ್ನೂ ಕೈಯಲ್ಲಿ ತೂಗಿನೋಡಿ, “ಅಮ್ಮಾವ್ರದ್ದು ಬೆನ್ನೇ ಕಿತ್ತೋಗಿದೆ, ಹೊಲೀಲೇಬೇಕು. ನಿಮ್ದಕ್ಕೆ ಏನ್ ಮಾಡ್ಲಿ ಸಾರ್? ಬಂಗಾರದಂಚು ಹಾಳೇನ ಇನ್ನೂ ಬಿಟ್ಟೇ ಇಲ್ಲ. ಇದನ್ನ ತೆಗೆದೇ ಇಲ್ವಲ್ಲ!” ಎಂದ. ಹೆಬ್ಬೆರಳಿನಿಂದ ಹಾಳೆಗಳನ್ನು ಬಿಡಿಸಿ ತೋರಿಸಿದ. ಒಂದೊಂದೂ ಚರಚರನೆ ಸದ್ದುಮಾಡುತ್ತ ಬಿಟ್ಟುಕೊಂಡಿತು. ಕೊನೆಯ ಪಟ್ಟಿಯನ್ನು ಕಂಡು, “ಹಿಂದೆ ಮಾತ್ರ ಪಸಂದಾಗಿ ಬರ್ದಿದೀರಿ” ಎಂದು ನಕ್ಕ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳೂ ನಕ್ಕರು. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನಿನ್ನ ಅಮ್ಮನ ಪ್ರತಿಯನ್ನು ತೆರೆದು ನೋಡಿದೆ. ೨೦೦೮ರ ಮಾರ್ಚ್ ಹದಿನಾಲ್ಕರಿಂದ ಪ್ರತಿ ತಾರೀಖಿನ ಪಕ್ಕದಲ್ಲಿ ‘ಮಗಳೊಡನೆ’ ಎಂದಿದೆ. ಮಧ್ಯಾಹ್ನ ಮೂರು ಗಂಟೆ, ದೂರವಾಣಿಯಲ್ಲಿ. ನಾನು ಮೊದಲು ಮುದ್ರಣಾಲಯದಲ್ಲಿ, ನಿವೃತ್ತನಾದ ಮೇಲೆ ಸಭೆಯ ಗ್ರಂಥಾಲಯದಲ್ಲಿ ಇರುತ್ತಿದ್ದ ಹೊತ್ತು. ನೀವಿಬ್ಬರೂ ಆದಿಯಿಂದ ಅಂತ್ಯದವರೆಗೆ ಮೂರು ಸಲ ಮುಗಿಸಿ ನಾಲ್ಕನೆಯ ಸುತ್ತಿಗೆ ತೊಡಗಿದ್ದಿರಿ. ಅಂಚಿನಲ್ಲಿ ಸಣ್ಣ ಸಣ್ಣ ಮಾತುಗಳಿವೆ. ‘ಮಗಳ ಹಿಮ್ಮಡಿ ಊದಿದೆ, ಅರ್ಧ ಅಧ್ಯಾಯ.’ ‘ಇದು ಅರ್ಥವಾಗಲಿಲ್ಲ, ನಾಳೆ ಮತ್ತೆ ಓದೋಣ ಎಂದಳು.’ ಮರುದಿನದ ತಾರೀಖು ಅಲ್ಲಿಯೇ ಇದೆ. ‘ಇಂದು ಜಗಳವಾಡಿಕೊಂಡೇ ಓದಿದೆವು.’ ಒಂದು ಕಡೆ ಹೀಗಿದೆ: ‘ಅಪ್ಪನನ್ನೂ ಸೇರಿಸಿಕೊಳ್ಳೋಣವೇ ಎಂದಳು. ಬೇಡ, ಇವರು ತಿದ್ದಲು ಕೂರುತ್ತಾರೆ ಎಂದೆ.’

ನನಗೆ ಕೋಪವಿದೆ, ಮುಚ್ಚಿಡುವುದಿಲ್ಲ. ಒಂದೇ ಸೂರಿನಡಿ ಇದ್ದವಳು ಹತ್ತು ವರ್ಷ ನನ್ನಿಂದ ಇದನ್ನು ಮರೆಮಾಡಿದಳು, ನೀನು ಜೊತೆಗೂಡಿದೆ. ನಾನು ಬರೆದ ಕೆಟ್ಟ ಪತ್ರಕ್ಕಾದರೂ ನೀನು ಮಾರುತ್ತರ ಬರೆದು ನನ್ನ ಮುಖಕ್ಕೆ ಹೊಡೆದಂತೆ ಹೇಳಬಹುದಿತ್ತು. ಆದರೆ ಯೋಚಿಸಿದರೆ, ಕೋಪ ನಿಮ್ಮ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ. ಹದಿನೆಂಟು ವರ್ಷ ನಾನು ವೇದಿಕೆಯ ಮೇಲೆ ನಿಂತು ದಿನನಿತ್ಯದ ಓದಿನ ಮಹತ್ವವನ್ನು ಸಾರಿದೆ. ಆ ಓದು ಮಾಡಬೇಕಾದ ಕೆಲಸವನ್ನೆಲ್ಲ ಅಡುಗೆಮನೆಯ ಮೋಟು ಕುರ್ಚಿಯ ಮೇಲೆ ಕುಳಿತ ನಿನ್ನ ಅಮ್ಮನಲ್ಲಿ ಮಾಡಿಮುಗಿಸಿತು. ಅವಳು ನನ್ನನ್ನು ಸಹಿಸಿಕೊಂಡದ್ದು ಸ್ವಭಾವದಿಂದ ಎಂದುಕೊಂಡಿದ್ದೆ. ಪ್ರತಿ ಭಾನುವಾರದ ತಾರೀಖಿನ ಕೆಳಗೆ ‘ಇವರಿಗಾಗಿ ಇಬ್ಬರೂ ಪ್ರಾರ್ಥಿಸಿದೆವು’ ಎಂದಿದೆ. ಐನೂರಕ್ಕೂ ಹೆಚ್ಚು ಭಾನುವಾರಗಳು. ಎಣಿಸಿ ಮುಗಿಸಲು ನನ್ನಿಂದಾಗಲಿಲ್ಲ. ಕಳೆದ ವಾರ ತರಗತಿಯನ್ನು ಬಿಟ್ಟುಕೊಟ್ಟೆ. ಹಿರಿಯರು ಕಣ್ಣಿನ ಕಾರಣ ಎಂದು ದಾಖಲಿಸಿಕೊಂಡರು. ಕಣ್ಣಲ್ಲ, ಓದಿಲ್ಲ ಎಂದೆ. ಹಾಸ್ಯವೆಂದು ಭಾವಿಸಿದರು.

ಹಿಮ್ಮಡಿಗೆ ವಿಶ್ರಾಂತಿ ಕೊಡು. ಆಶೀರ್ವಾದ ಮಾಡುವ ಅರ್ಹತೆ ಸದ್ಯಕ್ಕೆ ನನ್ನಲ್ಲಿಲ್ಲ. ನಿನ್ನ ಅಮ್ಮ ಮಾಡಿಟ್ಟುಹೋದದ್ದು ನಿನಗೆ ಸಾಲುತ್ತದೆ.

ಇತಿ,
ನಿನ್ನ ಅಪ್ಪ

ಬರೆಯಲು ಹಿಂಜರಿದು ಉಳಿಸಿಕೊಂಡ ಮಾತು: ಅಮ್ಮನ ಕೊನೆಯ ತಾರೀಖು ರೂತಳ ಪುಸ್ತಕದ ಕೊನೆಯ ಅಧ್ಯಾಯದ ಪಕ್ಕದಲ್ಲಿದೆ, ನಡುಗುವ ಅಕ್ಷರ. ಆಮೇಲೆ ಅವಳ ಕೈ ಕಡ್ಡಿ ಹಿಡಿಯಲಿಲ್ಲ. ಆ ಒಂಬತ್ತು ದಿನ ನಾನೂ ಮನೆಯಲ್ಲಿಯೇ ಇದ್ದೆ; ಮಧ್ಯಾಹ್ನ ದಿಂಬಿನ ಮೇಲೆ ಅವಳ ಕಿವಿಗೆ ತಾಗಿಕೊಂಡು ದೂರವಾಣಿ ಇರುತ್ತಿತ್ತು. ಏನೋ ಕಾರ್ಯಕ್ರಮ ಕೇಳುತ್ತಿದ್ದಾಳೆಂದುಕೊಂಡು, ಸದ್ದು ಕಡಿಮೆ ಮಾಡು ಎಂದು ನಾನು ಪಕ್ಕದ ಕೋಣೆಯಿಂದ ಕೂಗಿದ್ದೆ. ನೀನು ಎಲ್ಲಿಯವರೆಗೆ ಓದಿ ಹೇಳಿದೆ? ಅದರ ಮುಂದಿನ ಅಧ್ಯಾಯದಿಂದ ನಾನು ಶುರುಮಾಡಬೇಕೆಂದಿದ್ದೇನೆ. ಮೂರು ಗಂಟೆಗೆ ಮನೆಯಲ್ಲಿಯೇ ಇರುತ್ತೇನೆ. ತಿದ್ದುವುದಿಲ್ಲ.

ಹಿಂದಿನ ಪತ್ರದ ತಾರೀಖುಗಳು, ತಿದ್ದಿದಂತೆ:

ಮಗಳು ಓದು ಬಿಟ್ಟದ್ದು: ೯ ಮಾರ್ಚ್ ೨೦೦೮ ಎಂದಿದ್ದೆ. ಬಿಟ್ಟಿಲ್ಲ. ೧೦ರಿಂದ ೧೩ರವರೆಗೆ ಅವಳ ಪುಸ್ತಕ ನನ್ನ ಬೀಗದೊಳಗಿತ್ತು.

ಅವಳ ಅಮ್ಮ ಓದು ಬಿಟ್ಟದ್ದು: ಅದೇ ವರ್ಷದ ಡಿಸೆಂಬರ್ ಎಂದಿದ್ದೆ. ಕೈಬರಹದ ಕೊನೆಯ ತಾರೀಖು ೧೧ ಆಗಸ್ಟ್ ೨೦೧೮.

ನಾನು ಓದು ಬಿಟ್ಟದ್ದು: ಬಿಟ್ಟೇ ಇಲ್ಲ ಎಂದಿದ್ದೆ. ೧೮ ನವೆಂಬರ್ ೨೦೦೧.

ಈ ಮನೆಯಲ್ಲಿ ಸತ್ಯವೇದವನ್ನು ಗಟ್ಟಿಯಾಗಿ ಓದಿದ ಧ್ವನಿ ಕೊನೆಗೆ ಕೇಳಿಸಿದ್ದು: ೮ ಮಾರ್ಚ್ ೨೦೦೮ ಎಂದಿದ್ದೆ. ೨೦ ಆಗಸ್ಟ್ ೨೦೧೮, ಮಧ್ಯಾಹ್ನ ಮೂರು ಗಂಟೆ. ಧ್ವನಿ ನಿನ್ನದು. ಅಧ್ಯಾಯದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.