ದೊಡ್ಡ ಫ್ರೀವೀಲ್ ಕೇಳಿದ್ದೆ

ಶ್ರೀ ಕಲಶೇಶ್ವರನ ಊರಿನಿಂದ,

ಚಿರಂಜೀವಿ ಕಲ್ಲೇಶನಿಗೆ,

ನಾನು ಕಳಸದಲ್ಲಿ ರುಕ್ಮಿಣಮ್ಮ ಚಿಕ್ಕಮ್ಮನ ಮನೆಯಲ್ಲಿದ್ದೇನೆ. ಕೈಕಾಲು ಗಟ್ಟಿ ಇವೆ. ನೀನು ಫೋನ್ ಮಾಡಿದರೂ ನಾನು ಎತ್ತುತ್ತಿಲ್ಲ. ಬಾಯಲ್ಲಿ ಹೇಳಹೋದರೆ ನೀನು ನಗಿಸಿಬಿಡುತ್ತೀಯ. ಅದಕ್ಕೇ ಬರೆದು ಸಂಜೆ ಬಸ್ಸಿನವರ ಕೈಲಿ ಕಳಿಸುತ್ತಿದ್ದೇನೆ.

ಹೋದ ಮಳೆಗಾಲ ನಿನಗೆ ಇಲಿಜ್ವರ ಬಂದು, ಡಾಕ್ಟರು ಏನೂ ಹೇಳಲಾಗದು ಅಂದಾಗ ಆಸ್ಪತ್ರೆ ವರಾಂಡದಲ್ಲೇ ನಿಂತು ಹರಕೆ ಹೊತ್ತೆ. ತಮ್ಮ ಎದ್ದು ಕೂತರೆ ಗೋಣಿಬೀಡಿನಿಂದ ಕಳಸದವರೆಗೆ ಸೈಕಲ್ ತುಳಿದೇ ಬರುತ್ತೇನೆ, ಎಲ್ಲೂ ಇಳಿದು ನೂಕುವುದಿಲ್ಲ ಅಂತ. ಅಂಗನವಾಡಿಗೆ ದಿನಾ ಸೈಕಲ್ಲಿನಲ್ಲಿ ಹೋಗುವವಳು ನಾನು. ದೇವರಿಗೆ ಕೊಡಲು ನನ್ನ ಹತ್ತಿರ ಇದ್ದದ್ದು ಅದೇ.

ನೀನು ಎದ್ದು ಕೂತೆ. ನಿನ್ನ ಸೈಕಲ್ ಅಂಗಡಿಯ ಬಾಗಿಲೂ ತೆಗೆದೆ. ನಾನು ಬಂದು, ಹಿಂದಿನ ಗಾಲಿಗೆ ಹಲ್ಲು ಜಾಸ್ತಿ ಇರುವ ದೊಡ್ಡ ಫ್ರೀವೀಲ್ ಹಾಕು, ಏರಿನಲ್ಲಿ ಹಗುರಾಗುತ್ತದೆ ಅಂದೆ. "ಅಕ್ಕ, ಇದು ಹಾಕಿದ್ರೆ ಆಮೆ ಥರ ಹೋಗ್ತೀಯ" ಅಂದೆ ನೀನು. "ಆಮೆ ಥರ ಹೋದ್ರೆ ಕಲಶೇಶ್ವರ ಎದ್ದು ಹೋಗ್ತಾನೇನೋ ಮಾರಾಯ?" ಅಂದೆ ನಾನು. "ಹರಕೆ ಅಂದ್ಮೇಲೆ ಕಷ್ಟ ಬೇಡ್ವಾ?" ಅಂತ ನೀನು ಕೆಣಕಿದೆ. "ತುಳೀತೀನಿ ಅಂದಿದ್ದೀನಿ, ಮಂಡಿ ಮುರ್ಕೊತೀನಿ ಅಂದಿಲ್ಲ" ಅಂದೆ ನಾನು. ನೀನು ನಕ್ಕು ಹೂಂ ಅಂದೆ. ದೊಡ್ಡದನ್ನು ಹಾಕಿಯೂ ಕೊಟ್ಟೆ. ನಾನು ಶಾಲೆ ಹಿಂದಿನ ದಿಬ್ಬ ಹತ್ತಿ ನೋಡಿದೆ, ಹೂವು ಎತ್ತಿದಂತಿತ್ತು. ಹೊರಡುವ ಹಿಂದಿನ ದಿನ ಎಣ್ಣೆ ಬಿಡುತ್ತೇನೆ ಅಂತ ನೀನು ಮತ್ತೆ ಅಂಗಡಿಗೆ ಒಯ್ದೆ.

ಯಾರಿಗಾಗಿ ಹರಕೆಯೋ ಅವರೇ ವಿಭೂತಿ ಹಚ್ಚಿ ಕಳಿಸಬೇಕಲ್ಲ ನಮ್ಮಲ್ಲಿ. ಬೆಳಿಗ್ಗೆ ನೀನೇ ಹಚ್ಚಿದೆ, ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿದೆ.

ಮೂಡಿಗೆರೆ ಬರುವಷ್ಟರಲ್ಲೇ ಸೈಕಲ್ ಭಾರ ಅನ್ನಿಸಿತು. ಉಪವಾಸ ಇದ್ದೇನಲ್ಲ, ಅದಕ್ಕೇ ಅಂದುಕೊಂಡೆ. ಚೈನ್ ಕವರಿನ ಒಳಗೆ ಬಗ್ಗಿ ನೋಡುವ ಬುದ್ಧಿ ಬರಲಿಲ್ಲ. ನೀನು ಮಾಡಿದ ಕೆಲಸವನ್ನು ಬಗ್ಗಿ ನೋಡಬೇಕಾ? ಕೊಟ್ಟಿಗೆಹಾರ ದಾಟಿದ ಮೇಲೆ ಎದ್ದು ನಿಂತು ತುಳಿದರೂ ಪೆಡಲ್ ಇಳಿಯದು. ಹಗುರ ಬೇಕು ಅಂತ ಕೇಳಿದ್ದೇ ತಪ್ಪಾಯಿತು, ಶಿವನಿಗೆ ಒಪ್ಪಿಗೆಯಾಗಲಿಲ್ಲ ಅನ್ನಿಸಿತು. ದಾರಿಯುದ್ದಕ್ಕೂ ಅವನ ಹತ್ತಿರ ತಪ್ಪೊಪ್ಪಿಕೊಂಡೆ, ಕಲ್ಲೇಶ. ಮಾಡದ ತಪ್ಪಿಗೆ ಅತ್ತೆ. ಕೊನೆಗೆ ಜಾವಳಿ ಹತ್ತಿರದ ಏರಿನಲ್ಲಿ ಮಂಡಿ ಸೋತು ಇಳಿದೆ.

ಅಲ್ಲಿ ನಿನ್ನ ಗೆಳೆಯ ಯೋಗೇಶ ಪಿಕಪ್ ನಿಲ್ಲಿಸಿಕೊಂಡು ಟೀ ಕುಡಿಯುತ್ತಿದ್ದ. "ಬನ್ನಿ ಅಕ್ಕ, ಸೈಕಲ್ ಹಿಂದೆ ಹಾಕಿ. ಕಲ್ಲೇಶ ಹೇಳಿದ್ದ, ಚಿಕ್ಕ ಫ್ರೀವೀಲೇ ವಾಪಸ್ ಹಾಕಿದೀನಿ, ಅಕ್ಕ ಜಾವಳಿ ದಾಟಲ್ಲ, ಕರ್ಕೊಂಡು ಬಾ ಅಂತ" ಅಂದ. ಅವನಿಗೆ ಅದೊಂದು ತಮಾಷೆ. ನಾನು ರಸ್ತೆ ಬದಿ ಕೂತುಬಿಟ್ಟೆ.

ನಿನ್ನ ಮನಸ್ಸು ಗೊತ್ತಿಲ್ಲವೆಂದಲ್ಲ. ಐವತ್ತು ದಾಟಿದ ಅಕ್ಕನಿಗೆ ಘಟ್ಟದ ದಾರಿಯಲ್ಲಿ ಏನಾದರೂ ಆದೀತು ಅಂತ ಹೆದರಿದೆ. ಬೇಡ ಅಂದಿದ್ದರೆ ಜಗಳ ಆಡುತ್ತಿದ್ದೆವು, ಎರಡು ದಿನ ಮಾತು ಬಿಡುತ್ತಿದ್ದೆವು, ಆಯಿತು. ಆದರೆ ನೀನು ಎದುರಿಗೆ ಹೂಂ ಅಂದೆ. ನನ್ನನ್ನು ಸೋಲಿಸಿದ್ದಕ್ಕಿಂತ, ಆ ಸೋಲು ದೇವರು ಕೊಟ್ಟದ್ದು ಅಂತ ನಂಬುವ ಹಾಗೆ ಮಾಡಿದೆಯಲ್ಲ, ಅದು ನುಂಗಲಾಗುತ್ತಿಲ್ಲ.

ಪಿಕಪ್ ಹತ್ತಲಿಲ್ಲ. ಏರಿನಲ್ಲಿ ನೂಕಿ, ಇಳಿಜಾರಿನಲ್ಲಿ ಕೂತು ಕಳಸ ಮುಟ್ಟಿದೆ. ದೇವಸ್ಥಾನದ ಮೆಟ್ಟಿಲ ಕೆಳಗೇ ಕೈಮುಗಿದೆ, ಒಳಗೆ ಹೋಗಲಿಲ್ಲ. ತುಳಿದು ಬರುತ್ತೇನೆ ಅಂದವಳು ನೂಕಿಕೊಂಡು ಬಂದು ಯಾವ ಮುಖದಲ್ಲಿ ಹೋಗಲಿ?

ಇಲ್ಲಿಯ ಅಂಗಡಿಯಲ್ಲಿ ದೊಡ್ಡ ಫ್ರೀವೀಲ್ ಹಾಕಿಸಿದ್ದೇನೆ. ಎದುರಿಗೇ ನಿಂತು ಹಾಕಿಸಿದೆ, ಅಂಗಡಿಯವರು ಬೇಸರಪಟ್ಟುಕೊಂಡರು. ನಾಳೆ ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಊರಿಗೆ ಬರುತ್ತೇನೆ. ಸೋಮವಾರ ಮತ್ತೆ ಹೊರಡುತ್ತೇನೆ. ಕಳಿಸಿಕೊಡಲು ನೀನು ಬರಬೇಡ, ದಾರಿಯಲ್ಲಿ ಯಾರನ್ನೂ ನಿಲ್ಲಿಸಬೇಡ. ನಿನ್ನ ಜೀವ ಉಳಿಸು ಅಂತ ನಾನು ಶಿವನನ್ನು ಕೇಳಿದೆ, ಅವನು ಉಳಿಸಿದ. ಮಾತು ಉಳಿಸಿಕೊಳ್ಳಬೇಕಾದವಳು ನಾನು.

ಶಿವ ನಿನಗೆ ನೂರು ವರ್ಷ ಆಯಸ್ಸು ಕೊಡಲಿ. ನನ್ನ ಸೈಕಲ್ಲನ್ನು ಮಾತ್ರ ಇನ್ನು ಮುಟ್ಟಬೇಡ.

ನಿನ್ನ ಅಕ್ಕ,
ಪ್ರೇಮಕುಮಾರಿ